‘ಎವ್ರಿವನ್’ ಒಬ್ಬರೋ, ಎಲ್ಲರೋ?

ಪ್ರಶ್ನೆ: ನಾನು ಇಳಕಲ್‌ನ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕ್ಲಾರ್ಕ್. ವಾರ್ಷಿಕ ಸರ್ವಸಾಧಾರಣ ಸಭೆಯ ನೋಟಿಸನ್ನು ಕನ್ನಡದಲ್ಲಿ ಹೊರಡಿಸುತ್ತೇವೆ. ಪುಣೆ, ಸೊಲ್ಲಾಪುರದ ಕಡೆ ಇರುವ ಸದಸ್ಯರಿಗೆ ಇಂಗ್ಲಿಷಿನಲ್ಲೂ ಕಳಿಸುತ್ತೇವೆ. ಈ ಸಲ ನಾನು ‘ಎವ್ರಿವನ್ ಆರ್ ರಿಕ್ವೆಸ್ಟೆಡ್ ಟು ಬ್ರಿಂಗ್ ದೇರ್ ಪಾಸ್‌ಬುಕ್’ ಎಂದು ಬರೆದೆ. ನಮ್ಮ ಸಾಹೇಬರು ‘ಆರ್’ ಹೊಡೆದು ‘ಈಸ್’ ಮಾಡಿದರು. ಹೋಗಲಿ. ಆದರೆ ‘ದೇರ್’ ಕೂಡ ಹೊಡೆದು ‘ಹಿಸ್’ ಅಂತ ಬರೆದರು. ‘ಎವ್ರಿವನ್ ಅಂದ್ರ ಒಬ್ಬಾಂವ, ದೇರ್ ಅಂದ್ರ ಹತ್ತು ಮಂದಿ, ಎರಡೂ ಕೂಡೂದಿಲ್ಲ’ ಎಂಬುದು ಅವರ ಮಾತು. ನಮ್ಮ ಸಂಘದಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳೇ ಸದಸ್ಯರು. ‘ಹಿಸ್’ ಎಂದು ಓದಿದಾಗ ಒಂಥರಾ ಅನ್ನಿಸಿತು. ಯಾರದು ಸರಿ, ಸರ್?

ಉತ್ತರ: ‘ಈಸ್’ ಮಾಡಿದ್ದರಲ್ಲಿ ನಿಮ್ಮ ಸಾಹೇಬರು ಸರಿ. ‘ದೇರ್’ ಬರೆದದ್ದರಲ್ಲಿ ನೀವು ಸರಿ. ಒಂದೇ ವಾಕ್ಯದಲ್ಲಿ ಇಬ್ಬರಿಗೂ ಅರ್ಧರ್ಧ ಮಾರ್ಕ್ಸ್ ಕೊಡುವ ಪ್ರಸಂಗ ಮಾಸ್ತರಿಕೆಯಲ್ಲಿ ಅಪರೂಪ. ಅದಕ್ಕೇ ನಿಮ್ಮ ಪತ್ರಕ್ಕೆ ಸ್ವಲ್ಪ ಉದ್ದನೆಯ ಉತ್ತರ ಬರೆಯುತ್ತಿದ್ದೇನೆ.

ಮೊದಲು ‘ಆರ್’ ಎಲ್ಲಿಂದ ಬಂತು ನೋಡೋಣ. ಇದು ದಡ್ಡತನದ ತಪ್ಪಲ್ಲ. ನಮ್ಮ ಭಾಷೆ ಮಾಡಿಸುವ ತಪ್ಪು. ನಿಘಂಟು ತೆಗೆದು ‘ಎವ್ರಿವನ್’ ಹುಡುಕಿದರೆ ‘ಎಲ್ಲರೂ’ ಎಂದಿರುತ್ತದೆ. ‘ಎಲ್ಲರೂ’ ನಮಗೆ ಬಹುವಚನ. ಎಲ್ಲರೂ ಬಂದರು, ಎಲ್ಲರೂ ಉಂಡರು. ‘ಎಲ್ಲರೂ ಬಂದ’ ಅಂತ ಎಳೆ ಮಗು ಕೂಡ ಹೇಳುವುದಿಲ್ಲ. ಹೀಗಾಗಿ ತಲೆಯಲ್ಲಿ ‘ಎಲ್ಲರೂ’ ಇಟ್ಟುಕೊಂಡು ಕೈಯಲ್ಲಿ ‘ಎವ್ರಿವನ್’ ಬರೆದರೆ, ಹಿಂದೆಯೇ ‘ಆರ್’ ಬಂದುಬಿಡುತ್ತದೆ. ವಿಜಯಪುರದ ಒಂದು ಮಂಗಲ ಕಾರ್ಯಾಲಯದ ಬಾಗಿಲಿಗೆ ‘ಎವ್ರಿವನ್ ಆರ್ ವೆಲ್‌ಕಮ್’ ಎಂಬ ಬ್ಯಾನರ್ ಕಟ್ಟಿದ್ದನ್ನು ನಾನೇ ನೋಡಿದ್ದೇನೆ. ಊಟ ಚೆನ್ನಾಗಿತ್ತು, ಯಾರೂ ವ್ಯಾಕರಣ ಕೇಳಲಿಲ್ಲ.

ನಿಜವಾಗಿ ‘ಎಲ್ಲರೂ’ ಎಂಬುದಕ್ಕೆ ಸರಿಯಾದ ಜೋಡಿ ‘ಆಲ್’. ‘ಆಲ್ ಆರ್ ವೆಲ್‌ಕಮ್’ ಎಂದರೆ ಯಾವ ತಂಟೆಯೂ ಇಲ್ಲ. ‘ಎವ್ರಿವನ್’ ಎಂಬುದಕ್ಕೆ ಜೋಡಿ ಬೇಕೆಂದರೆ ‘ಪ್ರತಿಯೊಬ್ಬರೂ’ ಎಂದಿಟ್ಟುಕೊಳ್ಳಿ. ಆ ಪದದ ಹೊಟ್ಟೆಯಲ್ಲೇ ‘ವನ್’ ಇದೆಯಲ್ಲ. ಇಂಗ್ಲಿಷ್ ಕ್ರಿಯಾಪದ ಆ ‘ವನ್’ ಅನ್ನು ಮಾತ್ರ ನೋಡುತ್ತದೆ. ಮುಂದೆ ನೂರು ಜನ ನಿಂತಿದ್ದರೂ ಅದು ಒಬ್ಬೊಬ್ಬರನ್ನೇ ಕರೆದು ಹಾಜರಿ ಹಾಕುವ ಮಾಸ್ತರನ ಹಾಗೆ. ‘ಎವ್ರಿವನ್ ಈಸ್’, ‘ಎವ್ರಿವನ್ ಹ್ಯಾಸ್’, ‘ಎವ್ರಿವನ್ ನೋಸ್’. ‘ಎವ್ರಿಬಡಿ’, ‘ಎನಿವನ್’, ‘ಸಮ್‌ವನ್’, ‘ನೋ ವನ್’ ಇವಕ್ಕೂ ಇದೇ ಕಾನೂನು. ಇದರಲ್ಲಿ ಎರಡು ಮಾತಿಲ್ಲ.

ಬೆಳಗಾವಿಯಲ್ಲಿ ಕೆಲವು ವರ್ಷ ಪಾಠ ಮಾಡುತ್ತಿದ್ದಾಗ ಒಂದು ಮಜಾ ನೋಡಿದ್ದೆ. ಮರಾಠಿ ಮನೆಮಾತಿನ ಹುಡುಗರಿಗೆ ಈ ‘ಈಸ್’ ಬೇಗ ಹತ್ತುತ್ತಿತ್ತು. ಮರಾಠಿಯಲ್ಲಿ ‘ಪ್ರತ್ಯೇಕ’ ಎಂದರೆ ಪ್ರತಿಯೊಂದು, ಪ್ರತಿಯೊಬ್ಬ. ಅದರ ಹಿಂದೆ ಏಕವಚನದ ಕ್ರಿಯಾಪದವೇ ಬರುತ್ತದೆ. ಆದರೆ ಅದೇ ಹುಡುಗರು ಕನ್ನಡ ಬರೆಯುವಾಗ ಸಿಕ್ಕಿಬೀಳುತ್ತಿದ್ದರು. ‘ಪ್ರತ್ಯೇಕ ವಿದ್ಯಾರ್ಥಿ ಫೀ ತುಂಬಬೇಕು’ ಎಂದು ಒಬ್ಬ ಬೋರ್ಡಿನ ಮೇಲೆ ಬರೆದ. ನಮಗೆ ‘ಪ್ರತ್ಯೇಕ’ ಎಂದರೆ ಬೇರೆ, ಬಿಡಿ. ಕನ್ನಡದ ಹುಡುಗರು ‘ಹಂಗಾರ ನಾವು ತುಂಬೂದು ಬ್ಯಾಡ’ ಅಂತ ಖುಷಿಯಾದರು. ಒಂದು ಭಾಷೆಯ ಕಾಲಿನಲ್ಲಿ ಇನ್ನೊಂದು ಭಾಷೆಯ ಚಪ್ಪಲಿ ಹಾಕಿದರೆ ಹೀಗೆ ಎಲ್ಲೋ ಒಂದು ಕಡೆ ಕಚ್ಚುತ್ತದೆ.

ಇನ್ನು ‘ದೇರ್’. ಜಗಳ ಇರುವುದು ಇಲ್ಲೇ.

ಸಾಹೇಬರ ತರ್ಕ ಹೀಗಿದೆ: ‘ಈಸ್’ ಏಕವಚನ, ಹಾಗಾದರೆ ಮುಂದೆ ಬರುವ ಸರ್ವನಾಮವೂ ಏಕವಚನ ಇರಬೇಕು. ಲೆಕ್ಕಕ್ಕೆ ಸರಿಯಾಗಿ ಕಾಣುತ್ತದೆ. ಅವರ ಕಾಲದ ಹೈಸ್ಕೂಲು ಗ್ರಾಮರ್ ಪುಸ್ತಕಗಳಲ್ಲೂ ಹಾಗೇ ಇತ್ತು, ನನ್ನ ಕಾಲದಲ್ಲೂ ಇತ್ತು. ಆದರೆ ಅದೇ ಪುಸ್ತಕದಲ್ಲಿ ನಾಲ್ಕು ಹಾಳೆ ಮುಂದೆ ಹೋದರೆ ಕ್ವೆಶ್ಚನ್ ಟ್ಯಾಗ್ ಪಾಠ ಬರುತ್ತದೆ. ‘ಎವ್ರಿವನ್ ಹ್ಯಾಸ್ ಸೈನ್ಡ್’ ಎಂಬ ವಾಕ್ಯಕ್ಕೆ ಬಾಲ ಹಚ್ಚಿ ಎಂದರೆ ಉತ್ತರ ಏನು? ‘ಹ್ಯಾವಂಟ್ ದೇ?’ ಇದಕ್ಕೆ ‘ಹ್ಯಾಸಂಟ್ ಹಿ?’ ಎಂದು ಬರೆದವನಿಗೆ ಮಾಸ್ತರರು ಸೊನ್ನೆ ಹಾಕುತ್ತಿದ್ದರು. ಅಂದರೆ ಒಂದೇ ಉಸಿರಿನಲ್ಲಿ ‘ಹ್ಯಾಸ್’ ಕೂಡ ಇದೆ, ‘ದೇ’ ಕೂಡ ಇದೆ. ಕಟ್ಟುನಿಟ್ಟಿನ ವ್ಯಾಕರಣವೇ ಇದನ್ನು ಒಪ್ಪಿಕೊಂಡು ಕೂತಿದೆ.

ಇನ್ನೊಂದು ವಾಕ್ಯ ಸಾಹೇಬರ ಮುಂದಿಡಿ. ಜಾತ್ರೆಗೆ ಎಲ್ಲರೂ ಬಂದರು, ನಾವು ಅವರಿಗೆ ಹುಗ್ಗಿ ಬಡಿಸಿದೆವು. ಇಂಗ್ಲಿಷಿನಲ್ಲಿ ‘ಎವ್ರಿವನ್ ಕೇಮ್ ಟು ದಿ ಜಾತ್ರಾ, ಆ್ಯಂಡ್ ವಿ ಸರ್ವ್ಡ್ ಹಿಮ್ ಹುಗ್ಗಿ’ ಅನ್ನಲು ಆಗುತ್ತದೆಯೇ? ಊರಿಗೆ ಊರೇ ಬಂದು, ಹುಗ್ಗಿ ಮಾತ್ರ ಒಬ್ಬನ ಎಲೆಗೆ ಬಿದ್ದ ಹಾಗಾಯಿತು. ಇಲ್ಲಿ ‘ದೆಮ್’ ಬಿಟ್ಟು ಬೇರೆ ಗತಿಯೇ ಇಲ್ಲ.

ನೀವು ಇಳಕಲ್‌ನವರು, ನಿಮಗೆ ನಿಮ್ಮ ಊರಿನ ಸೀರೆಯನ್ನೇ ತೋರಿಸಿ ಹೇಳಬಹುದು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದು ಇರಬಹುದು. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ, ಅದಕ್ಕೆ ಕೊಂಡಿ ಅನ್ನುತ್ತಾರೆ. ಕೊಂಡಿ ಸರಿಯಾಗಿ ಬಿದ್ದರೆ ಎರಡು ಥರದ ನೂಲು ಎಂದು ಯಾರೂ ತಕರಾರು ಮಾಡುವುದಿಲ್ಲ. ‘ಎವ್ರಿವನ್’ ವಾಕ್ಯವೂ ಹಾಗೇ. ಒಡಲಿನಲ್ಲಿ ‘ಈಸ್’, ಸೆರಗಿನಲ್ಲಿ ‘ದೇರ್’. ಕ್ರಿಯಾಪದ ಪದದ ಆಕಾರ ನೋಡಿ ಬರುತ್ತದೆ. ಸರ್ವನಾಮ ಅರ್ಥ ನೋಡಿ ಬರುತ್ತದೆ.

ಇದು ಹೊಸ ಫ್ಯಾಶನ್ ಅಂತ ಸಾಹೇಬರು ಹೇಳಬಹುದು. ಬಹಳ ಜನ ಹಾಗೇ ತಿಳಿದಿದ್ದಾರೆ. ಆದರೆ ಒಬ್ಬ ವ್ಯಕ್ತಿಗೆ ‘ದೇ’ ಬಳಸಿದ ಉದಾಹರಣೆಯನ್ನು ಆಕ್ಸ್‌ಫರ್ಡ್ ನಿಘಂಟಿನವರು 1375ರ ಒಂದು ಕಥನಕಾವ್ಯದವರೆಗೆ ಹಿಂದಕ್ಕೆ ಒಯ್ದಿದ್ದಾರೆ. ಇಲ್ಲಿ ಗುಲ್ಬರ್ಗದಲ್ಲಿ ಬಹಮನಿ ಸುಲ್ತಾನರು ಆಳುತ್ತಿದ್ದ ಕಾಲ ಅದು. ವಿಜಯಪುರದ ಗೋಳಗುಮ್ಮಟದ ಒಂದು ಕಲ್ಲೂ ಬಿದ್ದಿರಲಿಲ್ಲ. ಅದಕ್ಕೆ ಇನ್ನೂ ಎರಡೂವರೆ ಶತಮಾನ ಬೇಕಿತ್ತು. ‘ದೇ’ ಅಷ್ಟು ಹಳೆಯದು.

ಹೊಸದು ಯಾವುದು ಅಂದರೆ ‘ಹಿಸ್’ ಬರೆಯಲೇಬೇಕು ಎಂಬ ನಿಯಮ. ಅದು 18ನೇ ಶತಮಾನದ ವ್ಯಾಕರಣ ಪುಸ್ತಕಗಳಲ್ಲಿ ಬಲವಾಯಿತು. ಗಂಡಸಿನ ಸರ್ವನಾಮವೇ ಗಂಡು ಹೆಣ್ಣು ಇಬ್ಬರಿಗೂ ಸಾಕು ಎಂದು ಮೊದಮೊದಲು ಬರೆದವರಲ್ಲಿ ಆ್ಯನ್ ಫಿಶರ್ ಒಬ್ಬರು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಶಾಲೆ ನಡೆಸುತ್ತಿದ್ದ ಶಿಕ್ಷಕಿ, ಹೆಣ್ಣುಮಗಳು! 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ತನ್ನ ಕಾಯ್ದೆಗಳಿಗೆ ಇದನ್ನೇ ಕಾನೂನು ಮಾಡಿತು. ಅಲ್ಲಿಂದ ಅದು ಹಡಗು ಹತ್ತಿ ನಮ್ಮ ಕಡೆ ಬಂತು. 1860ರ ಭಾರತೀಯ ದಂಡ ಸಂಹಿತೆಯ 8ನೇ ಕಲಂ ‘ಹಿ’ ಎಂದರೆ ಗಂಡಾಗಲಿ ಹೆಣ್ಣಾಗಲಿ ಯಾವುದೇ ವ್ಯಕ್ತಿ ಎಂದಿತು. 1897ರ ಜನರಲ್ ಕ್ಲಾಸಸ್ ಆ್ಯಕ್ಟ್ 13ನೇ ಕಲಂ ಕೂಡ ಅದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ‘ಹಿ’ ಬಿಟ್ಟಿಲ್ಲ, ಅದರೊಳಗೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನೂ ಸೇರಿಸಿಕೊಂಡಿದೆ.

ನಮ್ಮ ಹಳೆಯ ಆಫೀಸು ಮಂದಿಗೆ ‘ಹಿಸ್’ ಮೇಲೆ ಅಷ್ಟು ಪ್ರೀತಿ ಯಾಕೆ ಅಂದರೆ ಇದಕ್ಕೇ. ಅವರು ಇಂಗ್ಲಿಷ್ ಕಲಿತದ್ದೇ ಕಾಯ್ದೆ, ಸರ್ಕ್ಯುಲರ್, ಅರ್ಜಿ ನಮೂನೆ ಓದಿ. ಅಲ್ಲಿ ಎಲ್ಲಾ ಕಡೆ ‘ಹಿ’. ಆದರೆ ಕಾಯ್ದೆಯಲ್ಲಿ ‘ಹಿ’ ಎಂದರೆ ಎಲ್ಲರೂ ಎಂದು ಹೇಳಲು ಒಂದು ಕಲಂ ಇದೆ. ನಿಮ್ಮ ನೋಟಿಸಿನ ಕೆಳಗೆ ಅಂಥ ಕಲಂ ಇಲ್ಲ. ಸೊಲ್ಲಾಪುರದಲ್ಲಿ ಕುಳಿತು ಮೊಬೈಲಿನಲ್ಲಿ ಓದುವ ನಿಮ್ಮ ಸದಸ್ಯೆಗೆ ‘ಹಿಸ್ ಪಾಸ್‌ಬುಕ್’ ಎಂದರೆ ಗಂಡನ ಪಾಸ್‌ಬುಕ್ ತರಬೇಕೇನೋ ಅನ್ನಿಸಿದರೆ ತಪ್ಪು ಅವರದಲ್ಲ.

ಈಗ ಇಂಗ್ಲಿಷಿನವರೂ ಈ ಹಳೇ ‘ದೇ’ಗೆ ಮರಳಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಬರವಣಿಗೆ ಕೈಪಿಡಿಯನ್ನು ಪ್ರಪಂಚದ ಬೇಕಾದಷ್ಟು ವಿಶ್ವವಿದ್ಯಾಲಯಗಳು ಪಾಲಿಸುತ್ತವೆ. ಅದರ 7ನೇ ಆವೃತ್ತಿ 2019ರಲ್ಲಿ ಬಂತು. ಲಿಂಗ ಗೊತ್ತಿಲ್ಲದಾಗ, ಅಥವಾ ಅದರ ಅಗತ್ಯ ಇಲ್ಲದಾಗ ಒಬ್ಬರಿಗೂ ‘ದೇ’ ಬರೆಯಿರಿ ಎಂದೇ ಅದು ಹೇಳುತ್ತದೆ. ಅದೇ ವರ್ಷ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು ‘ದೇ’ಯನ್ನೇ ವರ್ಷದ ಪದ ಎಂದು ಆರಿಸಿದರು.

ಆದರೆ ನಮಗೆ ಇಂಗ್ಲಿಷಿನವರ ಒಪ್ಪಿಗೆ ಯಾಕೆ ಬೇಕು? ನಾನು ಹೇಳಬೇಕೆಂದಿರುವುದು ಇದನ್ನೇ. ಕನ್ನಡದವರಿಗೆ ಈ ‘ದೇ’ ಹೊಸದೇ ಅಲ್ಲ. ‘ಬಾಗಿಲ ಹತ್ತಿರ ಯಾರೋ ಒಬ್ಬರು ನಿಂತಿದ್ದಾರೆ’ ಎಂದು ನಾವು ದಿನಾ ಹೇಳುತ್ತೇವೆ. ನಿಂತಿರುವುದು ಒಬ್ಬರು. ಕ್ರಿಯಾಪದ ‘ನಿಂತಿದ್ದಾರೆ’. ಗಂಡೋ ಹೆಣ್ಣೋ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ‘ಒಬ್ಬರು’ ಎಂಬ ಪದವನ್ನೇ ಬಿಡಿಸಿ ನೋಡಿ. ಒಬ್ಬ ಎಂದು ಎಣಿಸಿ, ಹಿಂದೆಯೇ ಬಹುವಚನದ ‘ರು’ ಹಚ್ಚಿದ್ದೇವೆ. ಲೆಕ್ಕದ ಮಾಸ್ತರರಿಗೆ ಇದು ಹೇಗೆ ನಿದ್ದೆ ಬರಗೊಟ್ಟಿತೋ!

ಕನ್ನಡದಲ್ಲಿ ಏಕವಚನಕ್ಕೆ ಅವನು, ಅವಳು, ಅದು ಎಂದು ಮೂರು ದಾರಿ. ಬಹುವಚನಕ್ಕೆ ಬಂದರೆ ಮನುಷ್ಯರೆಲ್ಲ ‘ಅವರು’. ಗಂಡು ಹೆಣ್ಣಿನ ಭೇದ ಅಲ್ಲಿಗೆ ಮುಗಿಯಿತು. ಹಾಗಾಗಿ ಗೌರವ ಕೊಡಬೇಕಾದಾಗ, ಅಥವಾ ಗಂಡೋ ಹೆಣ್ಣೋ ಎಂದು ಹೇಳಲು ಬೇಡವಾದಾಗ ನಾವು ‘ಅವರು’ ಎಂಬ ಕೊಡೆಯ ಕೆಳಗೆ ನಿಲ್ಲುತ್ತೇವೆ. ಇಂಗ್ಲಿಷಿನ ‘ಹಿ’, ‘ಶಿ’, ‘ಇಟ್’ ಕೂಡ ಬಹುವಚನದಲ್ಲಿ ‘ದೇ’ ಆಗಿ ಒಂದಾಗುತ್ತವೆ. ಕೊಡೆ ಅವರ ಹತ್ತಿರವೂ ಇತ್ತು. ನಡುವೆ ಇನ್ನೂರು ಮುನ್ನೂರು ವರ್ಷ ವ್ಯಾಕರಣದವರು ಅದನ್ನು ಮಡಚಿ ಮೂಲೆಗಿಟ್ಟಿದ್ದರು, ಅಷ್ಟೆ.

‘ಒಬ್ಬಾಂವಗ ಬಹುವಚನ ಹೆಂಗ’ ಅಂತ ಸಾಹೇಬರು ಇನ್ನೂ ಕೇಳಿದರೆ ‘ಯೂ ಆರ್’ ನೆನಪಿಸಿ. ‘ಯೂ’ ಒಂದು ಕಾಲಕ್ಕೆ ಬರೀ ಬಹುವಚನ. ಒಬ್ಬನಿಗೆ ‘ದೌ’ ಇತ್ತು, ನಮ್ಮ ‘ನೀನು’ ಇದ್ದ ಹಾಗೆ. ಮರ್ಯಾದೆಗೆ ಒಬ್ಬರಿಗೂ ‘ಯೂ’ ಅನ್ನತೊಡಗಿದರು, ನಮ್ಮ ‘ನೀವು’ ಹಾಗೆ. ಕೊನೆಗೆ ‘ದೌ’ ಮೂಲೆಗೆ ಬಿತ್ತು. ಈಗ ಸಾಹೇಬರ ಎದುರು ಒಬ್ಬರೇ ಕುಳಿತಿದ್ದರೂ ಅವರು ‘ಯೂ ಆರ್’ ಎಂದೇ ಅನ್ನುತ್ತಾರೆ, ‘ಯೂ ಈಸ್’ ಅನ್ನುವುದಿಲ್ಲ ಅಲ್ವಾ?

‘ಹಿಸ್ ಆರ್ ಹರ್’ ಎಂದು ಎರಡನ್ನೂ ಬರೆದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ತಪ್ಪಿಲ್ಲ. ಒಮ್ಮೆ ಬರೆದರೆ ನಡೆಯುತ್ತದೆ. ಆದರೆ ಪಾಸ್‌ಬುಕ್, ಆಧಾರ್ ಕಾರ್ಡ್, ಷೇರು ಸರ್ಟಿಫಿಕೇಟ್, ಮೂರರ ಮುಂದೂ ‘ಹಿಸ್ ಆರ್ ಹರ್’ ಬರೆದು ನೋಡಿ. ಚಕ್ಕಡಿ ಕಲ್ಲುದಾರಿಯಲ್ಲಿ ಹೋದ ಹಾಗಿರುತ್ತದೆ. ನಡುವೆ ಅಡ್ಡಗೆರೆ ಹಾಕಿ ‘ಹಿಸ್/ಹರ್’ ಬರೆಯುವುದು ನಮೂನೆ ತುಂಬುವುದಕ್ಕೆ ಸರಿ, ಪತ್ರಕ್ಕೆ ಚೆಂದ ಕಾಣುವುದಿಲ್ಲ.

ನೀವು ಕೇಳದ ಒಂದು ಸಂಗತಿ ಇದೆ. ನೋಟಿಸ್ ಬರೆಯುವವರಿಗೆ ಅದು ‘ಈಸ್’, ‘ಆರ್’ಗಿಂತ ಜಾಸ್ತಿ ಅಪಾಯ. ನಾನೇ ಅದರಲ್ಲಿ ಬಿದ್ದು ಎದ್ದವನು.

ಬಹಳ ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಜವಾಬ್ದಾರಿ ನನ್ನ ಮೇಲಿತ್ತು. ಆ ತಿಂಗಳು ಬಂದ ಹಣ ಎಲ್ಲರಿಗೂ ಸಾಲುವ ಹಾಗಿರಲಿಲ್ಲ. ಕೆಲವರಿಗೆ ಈಗ, ಉಳಿದವರಿಗೆ ಮುಂದಿನ ಕಂತಿನಲ್ಲಿ. ನಾನು ಅವಸರದಲ್ಲಿ ‘ಎವ್ರಿವನ್ ವಿಲ್ ನಾಟ್ ಗೆಟ್ ಸ್ಕಾಲರ್‌ಶಿಪ್ ದಿಸ್ ಮಂತ್’ ಎಂದು ಬರೆದು ನೋಟಿಸ್ ಬೋರ್ಡಿಗೆ ಹಚ್ಚಿದೆ. ಮಧ್ಯಾಹ್ನ ಡಬ್ಬಿ ಬಿಚ್ಚಿದ್ದೆ, ಸ್ಟಾಫ್ ರೂಮಿನ ಬಾಗಿಲಿಗೆ ನಲವತ್ತು ಐವತ್ತು ಹುಡುಗರು. ‘ಸರ್, ಯಾರಿಗೂ ಇಲ್ಲಂತಲ್ರಿ?’ ರೊಟ್ಟಿ ಹಾಗೇ ಮುಚ್ಚಿಟ್ಟು ಹೊರಗೆ ಬಂದು ತಿಳಿಸಿ ಹೇಳಬೇಕಾಯಿತು. ಆವತ್ತು ಆ ಬುತ್ತಿ ಮತ್ತೆ ಬಿಚ್ಚಿದ್ದು ಸಂಜೆಗೆ.

ಆಗಿದ್ದೇನು? ನನ್ನ ತಲೆಯಲ್ಲಿದ್ದದ್ದು ‘ಎಲ್ಲರಿಗೂ ಸಿಗುವುದಿಲ್ಲ’ ಎಂಬ ಕನ್ನಡ ವಾಕ್ಯ. ಕನ್ನಡದಲ್ಲಿ ಹಾಗೆಂದರೆ ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಇಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಒಬ್ಬರಿಗೂ ಇಲ್ಲ ಎನ್ನಲು ನಮ್ಮ ಹತ್ತಿರ ‘ಯಾರಿಗೂ ಸಿಗುವುದಿಲ್ಲ’ ಎಂಬ ಬೇರೆ ಮಾತೇ ಇದೆ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆ ಕೇಳಿ, ಹಾಗಾದರೆ ಜಗತ್ತಿನಲ್ಲಿ ಬೆಳ್ಳಗಿನ ಹಾಲೇ ಇಲ್ಲ ಎಂದು ಯಾರೂ ಗಾಬರಿಯಾಗುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ‘ಎವ್ರಿವನ್’ ಮುಂದೆ ಬಂದು ‘ನಾಟ್’ ಹಿಂದೆ ಬಿದ್ದರೆ ಅರ್ಥ ಎರಡೂ ಕಡೆ ವಾಲುತ್ತದೆ. ಮಾತಿನಲ್ಲಾದರೆ ಧ್ವನಿಯಿಂದ ತಿಳಿಯುತ್ತದೆ. ಬೋರ್ಡಿಗೆ ಧ್ವನಿ ಎಲ್ಲಿಂದ ಬರಬೇಕು?

ಪರಿಹಾರ ಸುಲಭ. ‘ನಾಟ್’ ಎತ್ತಿ ಮುಂದಿಡಿ. ‘ನಾಟ್ ಎವ್ರಿವನ್ ವಿಲ್ ಗೆಟ್’ ಎಂದರೆ ಎಲ್ಲರಿಗೂ ಇಲ್ಲ, ಕೆಲವರಿಗೆ ಇದೆ. ಒಬ್ಬರಿಗೂ ಇಲ್ಲ ಎನ್ನಬೇಕಾದರೆ ‘ನೋ ವನ್ ವಿಲ್ ಗೆಟ್’. ನಿಮ್ಮ ಸಂಘದಲ್ಲಿ ಡಿವಿಡೆಂಡ್ ವಿಷಯ ಬರೆಯುವಾಗ ಇದನ್ನು ಮರೆಯಬೇಡಿ. ನನ್ನ ಬಾಗಿಲಿಗೆ ಬಂದವರು ಹುಡುಗರು, ಸಮಾಧಾನ ಮಾಡಿ ಕಳಿಸಿದೆ. ನಿಮ್ಮ ಬಾಗಿಲಿಗೆ ಬರುವವರು ಷೇರುದಾರರು.

ಸಣ್ಣಪುಟ್ಟವು ಬೇಗ ಹೇಳಿ ಮುಗಿಸುತ್ತೇನೆ. ‘ಎವ್ರಿವನ್’ ಕೂಡಿಸಿ ಬರೆದರೆ ಮನುಷ್ಯರು ಮಾತ್ರ. ‘ಎವ್ರಿ ವನ್’ ಎಂದು ಬಿಡಿಸಿ ಬರೆದರೆ ಮನುಷ್ಯರೂ ಆಗಬಹುದು, ವಸ್ತುವೂ ಆಗಬಹುದು, ಮತ್ತು ಅದರ ಹಿಂದೆ ಸಾಮಾನ್ಯವಾಗಿ ‘ಆಫ್’ ಬರುತ್ತದೆ. ‘ಎವ್ರಿ ವನ್ ಆಫ್ ದಿ ಸ್ಯಾರೀಸ್ ವಾಸ್ ಸೋಲ್ಡ್’, ಸೀರೆ ಒಂದೂ ಉಳಿಯದೆ ಮಾರಾಟವಾದವು. ಇಲ್ಲಿ ಕೂಡಿಸಿ ಬರೆದರೆ ತಪ್ಪು. ‘ಸ್ಯಾರೀಸ್’ ಬಹುವಚನ ಕಿವಿಗೆ ಬಿದ್ದ ಕೂಡಲೇ ‘ವರ್’ ಬರೆಯುವ ಚಪಲ ಬರುತ್ತದೆ, ಅದನ್ನೂ ತಡೆಯಿರಿ. ಸನ್ಮಾನದ ಭಾಷಣಗಳಲ್ಲಿ ಬರುವ ‘ಈಚ್ ಆ್ಯಂಡ್ ಎವ್ರಿ ವನ್’ ಕೂಡ ಬಿಡಿಸಿಯೇ ಬರೆಯಬೇಕು. ನನ್ನನ್ನು ಕೇಳಿದರೆ ಅದನ್ನು ಬರೆಯಲೇಬಾರದು, ‘ಎವ್ರಿವನ್’ ಒಂದೇ ಸಾಕು. ‘ಎವ್ರಿವನ್’ ಮತ್ತು ‘ಎವ್ರಿಬಡಿ’ ಅರ್ಥದಲ್ಲಿ ಒಂದೇ. ಬರಹದಲ್ಲಿ ಮೊದಲನೆಯದು ಜಾಸ್ತಿ, ಎರಡನೆಯದರಲ್ಲಿ ಮಾತಿನ ಸಲಿಗೆ ಒಂದಿಷ್ಟು ಹೆಚ್ಚು. ಎಲ್ಲರ ಸಹಿ ಅನ್ನುವಾಗ ಅಪಾಸ್ಟ್ರಫಿ ‘ಎವ್ರಿವನ್’ ಮುಗಿದ ಕೂಡಲೇ, ‘ಎಸ್’ ಅಕ್ಷರಕ್ಕಿಂತ ಮೊದಲು ಬರುತ್ತದೆ.

‘ದೇರ್’ ಬಂದ ಮೇಲೆ ‘ಪಾಸ್‌ಬುಕ್’ ಬರೆಯಬೇಕೋ ‘ಪಾಸ್‌ಬುಕ್ಸ್’ ಬರೆಯಬೇಕೋ ಎಂಬ ಅನುಮಾನವೂ ಬರಬಹುದು. ‘ಎವ್ರಿವನ್’ ಜೊತೆ ನಾನು ‘ಪಾಸ್‌ಬುಕ್’ ಎಂದೇ ಬರೆಯುತ್ತೇನೆ. ಒಬ್ಬೊಬ್ಬರದು ಒಂದೊಂದು ಎಂದು ಸ್ಪಷ್ಟವಾಗುತ್ತದೆ. ‘ಆಲ್ ಮೆಂಬರ್ಸ್’ ಎಂದು ಶುರು ಮಾಡಿದರೆ ‘ಪಾಸ್‌ಬುಕ್ಸ್’.

ಈಗ ನಿಮ್ಮ ನೋಟಿಸ್. ‘ಎವ್ರಿವನ್ ಈಸ್ ರಿಕ್ವೆಸ್ಟೆಡ್ ಟು ಬ್ರಿಂಗ್ ದೇರ್ ಪಾಸ್‌ಬುಕ್’ ಎಂದು ಕಳಿಸಿ, ಅದರಲ್ಲಿ ಯಾವ ತಪ್ಪೂ ಇಲ್ಲ. ಸಾಹೇಬರ ಜೊತೆ ವಾದ ಬೇಡ ಅನ್ನಿಸಿದರೆ ‘ಆಲ್ ಮೆಂಬರ್ಸ್ ಆರ್ ರಿಕ್ವೆಸ್ಟೆಡ್ ಟು ಬ್ರಿಂಗ್ ದೇರ್ ಪಾಸ್‌ಬುಕ್ಸ್’ ಎಂದು ಬರೆಯಿರಿ. ಬಹುವಚನಕ್ಕೆ ಬಹುವಚನ, ಅವರ ಕೆಂಪು ಪೆನ್ನಿಗೆ ಕೆಲಸವೇ ಇರುವುದಿಲ್ಲ. ನಾನಾಗಿದ್ದರೆ ಇನ್ನೂ ಸರಳ ಮಾಡಿ ‘ಪ್ಲೀಸ್ ಬ್ರಿಂಗ್ ಯುವರ್ ಪಾಸ್‌ಬುಕ್’ ಎಂದು ಬರೆಯುತ್ತಿದ್ದೆ. ಓದುವವರು ಒಬ್ಬೊಬ್ಬರೇ ತಾನೆ? ನೇರವಾಗಿ ಅವರನ್ನೇ ಮಾತಾಡಿಸಿದರೆ ಆಯಿತು.

ಒಂದು ಎಚ್ಚರಿಕೆ ಮಾತ್ರ. ಇದನ್ನೆಲ್ಲ ಓದಿದ ಹುರುಪಿನಲ್ಲಿ ಸಂಘದ ಪೋಟನಿಯಮಗಳ, ಅಂದರೆ ಬೈಲಾದ, ಇಂಗ್ಲಿಷ್ ಪ್ರತಿಯಲ್ಲಿರುವ ‘ಹಿ’, ‘ಹಿಸ್’ಗಳಿಗೆ ಕೈ ಹಚ್ಚಬೇಡಿ. ನೋಟಿಸಿನ ‘ಹಿಸ್’ ತೆಗೆಯಲು ನಿಮ್ಮ ಪೆನ್ನು ಸಾಕು. ಪೋಟನಿಯಮದ್ದು ತೆಗೆಯಬೇಕಾದರೆ ಸರ್ವಸಾಧಾರಣ ಸಭೆಯ ಠರಾವು ಬೇಕು, ಆಮೇಲೆ ಸಹಕಾರ ಇಲಾಖೆಯ ಮಂಜೂರಿ ಬೇಕು.